ಮೋಡಕ್ಕೂ ಹೆಪ್ಪು ಬೇಕು: ಧೂಳು, ಬ್ಯಾಕ್ಟೀರಿಯಾ, ಆಲಿಕಲ್ಲಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಪುಣೆಯ ನಮ್ಮ ಸೊಸೈಟಿಯಲ್ಲಿ ಮಕ್ಕಳಿಗೆ ಕನ್ನಡ ಅಕ್ಷರ ಹೇಳಿಕೊಡುತ್ತೇನೆ. ಧಾರವಾಡ, ವಿಜಯಪುರ, ಉಡುಪಿ ಕಡೆಯಿಂದ ಬಂದವರ ಮಕ್ಕಳು. ಮನೆಯಲ್ಲಿ ಕನ್ನಡ, ಗೇಟಿನಾಚೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ಏಪ್ರಿಲ್ ತಿಂಗಳ ಒಂದು ಸಂಜೆ ಆಲಿಕಲ್ಲು ಬಿತ್ತು. ಆಮೇಲಿನ ಭಾನುವಾರ ‘ಆ’ ಅಂದರೆ ಆನೆ ಅಂತ ಯಾರೂ ಹೇಳಲಿಲ್ಲ, ಎಲ್ಲರೂ ಆಲಿಕಲ್ಲು ಅಂದರು. ಪಾಠ ಅಲ್ಲಿಗೆ ನಿಂತಿತು, ಪ್ರಶ್ನೆ ಶುರುವಾಯಿತು. ಮಕ್ಕಳದ್ದು ಮುಗಿದ ಮೇಲೆ ಅಪ್ಪ ಅಮ್ಮಂದಿರದ್ದು, ಆಮೇಲೆ ಡೊಂಬಿವಲಿಯ ಚಿಕ್ಕಪ್ಪನದ್ದು, ವಾಸ್ಕೋದಲ್ಲಿರುವ ಭಾವನದ್ದು. ಒಂದೇ ಉತ್ತರವನ್ನು ನಾಲ್ಕು ಸಲ ಫೋನಿನಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಬೇಸಿಗೆಯಲ್ಲಿ ಬೆವರು ಸುರಿಸುವ ಪುಣೆಗೆ ಮಂಜುಗಡ್ಡೆ ಎಲ್ಲಿಂದ ಬರುತ್ತದೆ?

ಮೇಲಿಂದ. ಒಂದು ಕಿಲೋಮೀಟರ್ ಮೇಲೆ ಹೋದರೆ ಗಾಳಿ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಸಿಂಹಗಡ ಹತ್ತಿದರೇ ಸ್ವಲ್ಪ ಹಾಯೆನಿಸುತ್ತದೆ, ಅದು ಸಮುದ್ರಮಟ್ಟದಿಂದ ಬರೀ 1300 ಮೀಟರ್. ನಮ್ಮ ಕಡೆ ಸೊನ್ನೆ ಡಿಗ್ರಿಯ ಗೆರೆ ಇರುವುದು ಸುಮಾರು 5 ಕಿಲೋಮೀಟರ್ ಎತ್ತರದಲ್ಲಿ. ಮುಂಗಾರಿನಲ್ಲಿ ಇನ್ನೂ ಸ್ವಲ್ಪ ಮೇಲೆ. ಬೇಸಿಗೆಯ ಸಂಜೆ ಹೂಕೋಸಿನ ಹಾಗೆ ಉಬ್ಬುವ ಗುಡುಗಿನ ಮೋಡದ ತಲೆ 12 ಕಿಲೋಮೀಟರ್ ದಾಟುವುದು ಮಾಮೂಲಿ. ಅಂದರೆ ಮೋಡದ ಮೇಲಿನ ಅರ್ಧಕ್ಕಿಂತ ಜಾಸ್ತಿ ಭಾಗ ಫ್ರೀಜರಿನಲ್ಲಿ ಇದ್ದ ಹಾಗೆ.

ಹಾಗಾದರೆ ಸೊನ್ನೆ ಡಿಗ್ರಿ ದಾಟಿದ ತಕ್ಷಣ ಮೋಡದ ನೀರು ಗಡ್ಡೆ ಕಟ್ಟುತ್ತದೆ, ಅಲ್ವಾ?

ಇಲ್ಲ. ಶಾಲೆಯಲ್ಲಿ ‘ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ’ ಅಂತ ಬರೆಸಿದ್ದು ಅರ್ಧ ಸತ್ಯ. ಮಂಜುಗಡ್ಡೆ ಸೊನ್ನೆಯಲ್ಲಿ ಕರಗುವುದು ಖಂಡಿತ. ಆದರೆ ನೀರು ಸೊನ್ನೆಯಲ್ಲಿ ಗಟ್ಟಿಯಾಗಲೇಬೇಕು ಅಂತ ಏನೂ ಇಲ್ಲ. ಮೋಡದ ಹನಿಗಳು ತುಂಬಾ ಸಣ್ಣವು, ಮಿಲಿಮೀಟರಿನ ನೂರನೇ ಒಂದು ಭಾಗ, ಎರಡು ಭಾಗ ಅನ್ನುವಷ್ಟು. ಅಂಥ ಹನಿಯಲ್ಲಿ ಶುದ್ಧ ನೀರು ಬಿಟ್ಟು ಬೇರೇನೂ ಇಲ್ಲದಿದ್ದರೆ ಅದು ಮೈನಸ್ 10ರಲ್ಲೂ ನೀರೇ, ಮೈನಸ್ 20ರಲ್ಲೂ ನೀರೇ, ಮೈನಸ್ 30ರಲ್ಲೂ ನೀರೇ. ಸುಮಾರು ಮೈನಸ್ 38 ಮುಟ್ಟಿದಾಗ ಮಾತ್ರ ಹಠ ಬಿಟ್ಟು ತಾನಾಗಿಯೇ ಗಟ್ಟಿಯಾಗುತ್ತದೆ.

ಇದು ಹೊಸ ಸುದ್ದಿಯೇನಲ್ಲ. ಜ್ವರ ಅಳೆಯುವಾಗ ಇವತ್ತಿಗೂ ಹೆಸರು ಹೇಳುತ್ತೇವಲ್ಲ, ಆ ಫ್ಯಾರನ್‌ಹೀಟ್ ಇದನ್ನು ಗಮನಿಸಿ 1724ರಲ್ಲೇ ಬರೆದಿದ್ದರು.

ಯಾಕೆ ಹೀಗೆ ಅಂದರೆ, ಗಡ್ಡೆಯಾಗಬೇಕಾದರೆ ನೀರಿನ ಅಣುಗಳು ಆರು ಮೂಲೆಯ ಒಂದು ನಿರ್ದಿಷ್ಟ ಜೋಡಣೆಯಲ್ಲಿ ಕೂರಬೇಕು. ಅವೋ ಒಂದು ಕಡೆ ನಿಲ್ಲುವ ಪೈಕಿ ಅಲ್ಲ. ಹತ್ತಿಪ್ಪತ್ತು ಅಣು ಸರಿಯಾಗಿ ಕೂತವು ಅನ್ನುವಷ್ಟರಲ್ಲಿ ಚದುರಿ ಹೋಗುತ್ತವೆ. ನಮ್ಮ ಭಾನುವಾರದ ಕ್ಲಾಸಿನ ಹಾಗೇ. ಕೂತ ಗುಂಪು ಒಂದು ಗಾತ್ರ ದಾಟಿದರೆ ಮಾತ್ರ ಉಳಿದವರೆಲ್ಲ ಬಂದು ಸೇರಿಕೊಳ್ಳುತ್ತಾರೆ. ಆ ಗಾತ್ರಕ್ಕೆ ಮುಟ್ಟಿಸುವುದೇ ಕಷ್ಟ.

ಅದಕ್ಕೇ ‘ಹೆಪ್ಪು’ ಬೇಕು ಅಂತ ಹೇಳುವುದಾ?

ಹೌದು. ಕನ್ನಡದಲ್ಲಿ ನೀರು ಗಡ್ಡೆಯಾಗುವುದಕ್ಕೂ ಹಾಲು ಮೊಸರಾಗುವುದಕ್ಕೂ ಒಂದೇ ಮಾತು: ಹೆಪ್ಪುಗಟ್ಟುವುದು. ಹಾಲಿಗೆ ಹೆಪ್ಪು ಹಾಕದೆ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ನೀವು ಬಯಸಿದ ಮೊಸರು ಸಿಗುವುದಿಲ್ಲ. ಮೋಡದ ಹನಿಗೂ ಅಷ್ಟೇ. ಅದರೊಳಗೆ ಒಂದು ಧೂಳಿನ ಕಣವೋ ಬ್ಯಾಕ್ಟೀರಿಯಾವೋ ಇದ್ದರೆ, ಮೈನಸ್ 38ರವರೆಗೆ ಕಾಯದೆ ಮೈನಸ್ 15ರಲ್ಲೋ ಮೈನಸ್ 5ರಲ್ಲೋ ಗಟ್ಟಿಯಾಗುತ್ತದೆ. ಕಣ ಹನಿಯ ಒಳಗೇ ಇರಬೇಕೆಂದೂ ಇಲ್ಲ. ಹೊರಗಿನಿಂದ ಬಂದು ತಾಗಿದರೂ ಆಗುತ್ತದೆ. ಹನಿಯೇ ಇಲ್ಲದೆ ನೀರಾವಿ ನೇರವಾಗಿ ಕಣದ ಮೇಲೆ ಗಡ್ಡೆಯಾಗಿ ಕೂರುವುದೂ ಉಂಟು.

ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾರಾದರೂ ಜಗಳಕ್ಕೆ ಬರುತ್ತಾರೆ. ಹಾಲಿನ ಹೆಪ್ಪಿನಲ್ಲಿ ಜೀವ ಇದೆ, ಅದು ಹಾಲಿನೊಳಗೆ ಬೆಳೆಯುತ್ತದೆ, ಹುಳಿ ಮಾಡುತ್ತದೆ. ಮೋಡದ ಹೆಪ್ಪು ಬೆಳೆಯುವುದಿಲ್ಲ. ಅದು ಸುಮ್ನೆ ಜಾಗ ಕೊಡುತ್ತದೆ. ರಂಗೋಲಿಗೆ ಮೊದಲೇ ಚುಕ್ಕಿ ಇಟ್ಟುಕೊಟ್ಟ ಹಾಗೆ. ಚುಕ್ಕಿ ಇದ್ದರೆ ಎಂಥವರೂ ಗೆರೆ ಎಳೆಯುತ್ತಾರೆ. ಬರೀ ನೆಲದ ಮೇಲೆ ಆರು ಎಸಳಿನ ಹೂವನ್ನು ಸರಿಯಾಗಿ ಬಿಡಿಸುವವರು ಕಡಿಮೆ. ಕೆಲವು ಕಣಗಳ ಮೈಮೇಲೆ ನೀರಿನ ಅಣು ಕೂರುವುದಕ್ಕೆ ಬೇಕಾದ ಅಂತರದಲ್ಲೇ ಈ ಚುಕ್ಕಿಗಳಿರುತ್ತವೆ.

1936ರಲ್ಲಿ ಜಪಾನಿನ ಉಕಿಚಿರೊ ನಕಾಯಾ ಪ್ರಯೋಗಾಲಯದಲ್ಲಿ ಮೊದಲ ಹಿಮದ ಹರಳು ಬೆಳೆಸಿದರು. ಅವರಿಗೆ ಹೆಪ್ಪಾಗಿ ಒದಗಿದ್ದು ಮೊಲದ ಕೂದಲು! ಆ ಕೂದಲಿನ ಮೇಲೆ ಅಲ್ಲಲ್ಲಿ ಇರುವ ಸಣ್ಣ ಗಂಟುಗಳಲ್ಲಿ ಹರಳು ಕೂತವು.

ಯಾವ ಧೂಳಾದರೂ ನಡೆಯುತ್ತದಾ? ನಮ್ಮ ಬಾಲ್ಕನಿಯಲ್ಲಿ ಬೇಕಾದಷ್ಟಿದೆ.

ಎಲ್ಲ ಧೂಳೂ ಒಂದೇ ಅಲ್ಲ. ಬಹಳ ವರ್ಷ ವಿಜ್ಞಾನಿಗಳು ಜೇಡಿಮಣ್ಣಿನ ಖನಿಜಗಳೇ ಮುಖ್ಯ ಅಂದುಕೊಂಡಿದ್ದರು. ಗಾಳಿಯಲ್ಲಿ ಅವೇ ಜಾಸ್ತಿ ತಾನೇ. 2013ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದವರು ಒಂದೊಂದೇ ಖನಿಜ ತೆಗೆದುಕೊಂಡು ಪರೀಕ್ಷೆ ಮಾಡಿದಾಗ ಬೇರೆಯೇ ಕಥೆ ಸಿಕ್ಕಿತು. ಮರುಭೂಮಿ ಧೂಳಿನಲ್ಲಿ ಸ್ವಲ್ಪವೇ ಇರುವ ಫೆಲ್ಡ್‌ಸ್ಪಾರ್, ಅದರಲ್ಲೂ ಪೊಟ್ಯಾಸಿಯಂ ಇರುವ ಬಗೆ, ಉಳಿದೆಲ್ಲಕ್ಕಿಂತ ಜೋರು. ಮೈನಸ್ 15ರ ಆಸುಪಾಸಿನಲ್ಲೇ ಅದು ಕೆಲಸಕ್ಕೆ ಇಳಿಯುತ್ತದೆ. 2017ರಲ್ಲಿ ಇನ್ನೊಂದು ತಂಡ ಸೂಕ್ಷ್ಮದರ್ಶಕದ ಕೆಳಗೆ ಇದನ್ನು ಕಣ್ಣಾರೆ ನೋಡಿತು. ಹರಳಿನ ನುಣುಪಾದ ಮುಖದ ಮೇಲೆ ಅಲ್ಲ, ಬಿರುಕು, ಮೆಟ್ಟಿಲು, ಸವೆದ ಅಂಚು ಇರುವ ಕಡೆ ಮಂಜಿನ ಹರಳುಗಳು ಏಳುತ್ತಿದ್ದವು. ಅದೂ ಎಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ, ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ.

ಫೆಲ್ಡ್‌ಸ್ಪಾರ್ ಅಂದರೆ ಏನೋ ಅಪರೂಪದ್ದು ಅಂದುಕೊಳ್ಳಬೇಡಿ. ಹಂಪಿಯ ಬಂಡೆ ನೋಡಿದ್ದೀರಲ್ಲ? ರಾಮನಗರದ ಗುಡ್ಡ? ಆ ಗ್ರಾನೈಟಿನಲ್ಲಿ ನಸುಗೆಂಪಾಗಿ, ಚಪ್ಪಟೆಯಾಗಿ ಹೊಳೆಯುವ ಚೂರುಗಳೇ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್. ಅಡುಗೆಮನೆಯ ಕಟ್ಟೆಗೆ ಗುಲಾಬಿ ಗ್ರಾನೈಟ್ ಹಾಕಿಸಿದ್ದರೆ ದಿನಾ ಅದರ ಮೇಲೇ ಸೊಪ್ಪು ಹೆಚ್ಚುತ್ತಿದ್ದೀರಿ. ಪುಣೆಯ ಕಲ್ಲು ಬೇರೆ ಜಾತಿ. ಸಹ್ಯಾದ್ರಿಯ ಈ ಕಪ್ಪು ಕಲ್ಲು ಜ್ವಾಲಾಮುಖಿಯ ಲಾವಾ ಆರಿ ಆದದ್ದು. ಅದರಲ್ಲೂ ಫೆಲ್ಡ್‌ಸ್ಪಾರ್ ಇದೆ, ಆದರೆ ಸುಣ್ಣ, ಸೋಡಿಯಂ ಜಾಸ್ತಿ ಇರುವ ಬಗೆ. ಹೆಪ್ಪಿನ ವಿಷಯದಲ್ಲಿ ಅದು ಸ್ವಲ್ಪ ಮಂದ. ಈ ಒಂದು ವಿಷಯದಲ್ಲಿ ನಮ್ಮೂರ ಕಲ್ಲೇ ಮೇಲು ಅಂತ ಮರಾಠಿ ಗೆಳೆಯರ ಮುಂದೆ ಧೈರ್ಯವಾಗಿ ಹೇಳಬಹುದು.

ಬಾಲ್ಕನಿಯ ಧೂಳು? ಅದರಲ್ಲಿ ಎಲ್ಲಾ ಸೇರಿದೆ: ಮಣ್ಣು, ಸಿಮೆಂಟು, ಟಯರಿನ ಪುಡಿ, ಬಟ್ಟೆಯ ನೂಲು. ಅಷ್ಟರಲ್ಲಿ ಹೆಪ್ಪಾಗುವಂಥದ್ದು ಬೆರಳೆಣಿಕೆ.

ಬ್ಯಾಕ್ಟೀರಿಯಾ ಮೋಡದವರೆಗೆ ಹೋಗುತ್ತದೆ ಅನ್ನುವುದು ನಿಜವಾ?

ನಿಜ. ಎಲ್ಲರೂ ನಂಬದೆ ಎರಡೆರಡು ಸಲ ಕೇಳುವುದು ಇದನ್ನೇ, ಅದಕ್ಕೆ ಸ್ವಲ್ಪ ಉದ್ದ ಹೇಳುತ್ತೇನೆ.

1970ರ ದಶಕದಲ್ಲಿ ಅಮೆರಿಕದಲ್ಲಿ ರಸೆಲ್ ಶ್ನೆಲ್ ಮತ್ತು ಗಬೋರ್ ವಾಲಿ ಮಣ್ಣಿನಲ್ಲಿರುವ ಹೆಪ್ಪಿನ ಕಣಗಳನ್ನು ಹುಡುಕುತ್ತಿದ್ದರು. ಕೊಳೆತ ಎಲೆ ಕಲಸಿದ ನೀರು ಸೊನ್ನೆಗೆ ತೀರಾ ಹತ್ತಿರದಲ್ಲೇ ಗಡ್ಡೆಯಾಗುತ್ತಿತ್ತು. ಯಾವ ಖನಿಜಕ್ಕೂ ಆಗದ ಕೆಲಸ ಅದು. ಕೊನೆಗೆ ಸಿಕ್ಕಿಬಿದ್ದದ್ದು ಎಲೆಯ ಮೇಲೆ ಬದುಕುವ ಒಂದು ಬ್ಯಾಕ್ಟೀರಿಯಾ, ಸುಡೋಮೊನಾಸ್ ಸಿರಿಂಜೆ. ಅದರ ಹೊರಮೈಯಲ್ಲಿ ಒಂದು ಪ್ರೋಟೀನ್ ಇದೆ. ಆ ಪ್ರೋಟೀನಿನಲ್ಲಿ ಒಂದೇ ವಿನ್ಯಾಸ ಮತ್ತೆ ಮತ್ತೆ ಬರುತ್ತದೆ, ಸೀರೆಯ ಅಂಚಿನ ಹಾಗೆ. ನೀರಿನ ಅಣುಗಳು ಅದರ ಮೇಲೆ ಸಾಲಾಗಿ ಕೂರುತ್ತವೆ. ಮೈನಸ್ 2 ಡಿಗ್ರಿಗೇ ಗಡ್ಡೆ!

ಬ್ಯಾಕ್ಟೀರಿಯಾಕ್ಕೆ ಇದರಿಂದ ಏನು ಲಾಭ? ಎಲೆಯ ಮೇಲಿನ ಇಬ್ಬನಿ ಗಟ್ಟಿಯಾದರೆ ಎಲೆಯ ಮೈ ಒಡೆಯುತ್ತದೆ, ಒಳಗಿನ ರಸ ಸಿಗುತ್ತದೆ. ತಣ್ಣಗಿನ ದೇಶಗಳ ರೈತರಿಗೆ ಇದು ದೊಡ್ಡ ತಲೆನೋವು. ಅದಕ್ಕೇ ಆ ಪ್ರೋಟೀನಿನ ಜೀನ್ ತೆಗೆದುಹಾಕಿದ ಬ್ಯಾಕ್ಟೀರಿಯಾವನ್ನು 1987ರಲ್ಲಿ ಕ್ಯಾಲಿಫೋರ್ನಿಯಾದ ಹೊಲದಲ್ಲಿ ಸಿಂಪಡಿಸಿ ನೋಡಿದರು. ಜೀನ್ ಬದಲಿಸಿದ ಜೀವಿಯನ್ನು ಅಧಿಕೃತವಾಗಿ ಬಯಲಿಗೆ ಬಿಟ್ಟ ಮೊದಲ ಪ್ರಯೋಗಗಳಲ್ಲಿ ಅದೂ ಒಂದು. ಗಲಾಟೆಯೂ ಸಾಕಷ್ಟಾಯಿತು. ಇನ್ನೊಂದು ಕಡೆ, ಸ್ಕೀ ಆಡುವ ಜಾಗಗಳಲ್ಲಿ ಯಂತ್ರದಿಂದ ಹಿಮ ಮಾಡುವವರು ಇದೇ ಬ್ಯಾಕ್ಟೀರಿಯಾದ ಸತ್ತ ಪುಡಿಯನ್ನು ದುಡ್ಡು ಕೊಟ್ಟು ಕೊಂಡು ನೀರಿಗೆ ಬೆರೆಸುತ್ತಾರೆ. ಸತ್ತರೂ ಪ್ರೋಟೀನ್ ಕೆಲಸ ಮಾಡುತ್ತದೆ.

ಎಲೆಯಿಂದ ಮೋಡಕ್ಕೆ ಹೋಗುವುದು ಗಾಳಿಯ ಮೇಲೆ. ಒಂದು ಬ್ಯಾಕ್ಟೀರಿಯಾ ಸುಮಾರು ಒಂದು ಮೈಕ್ರಾನ್, ನಮ್ಮ ಕೂದಲಿನ ದಪ್ಪದ ಎಪ್ಪತ್ತನೇ ಒಂದು ಭಾಗ. ಬಿಸಿಲಿಗೆ ಕಾದ ಗಾಳಿ ಏಳುವಾಗ ಅದೂ ಎದ್ದು ಹೋಗುತ್ತದೆ. ಜೊತೆಗೆ ಶಿಲೀಂಧ್ರ, ಪರಾಗ, ಎಲೆಯ ಪುಡಿ. ಪೈರಿಗೆ ರೋಗ ತರುವ ಫ್ಯುಸೇರಿಯಂ ಶಿಲೀಂಧ್ರದ ಕೆಲವು ಜಾತಿಗಳಿಗೂ ಈ ವಿದ್ಯೆ ಗೊತ್ತು. ಪರಾಗದಲ್ಲಿ ಇಡೀ ಕಣವೇ ಬೇಕಾಗಿಲ್ಲ, ಅದನ್ನು ತೊಳೆದ ನೀರೇ ಸಾಕು. ಬರ್ಚ್ ಮರದ ಪರಾಗದಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ.

ಶ್ನೆಲ್ ಆಮೇಲೆ ಕೀನ್ಯಾದ ಕೆರಿಚೊ ಎಂಬ ಚಹಾ ತೋಟಗಳ ಸೀಮೆಗೂ ಹೋಗಿದ್ದರು. ಜಗತ್ತಿನಲ್ಲೇ ಅತಿ ಹೆಚ್ಚು ಆಲಿಕಲ್ಲು ಬೀಳುವ ಜಾಗಗಳಲ್ಲಿ ಅದೂ ಒಂದು. ಅಲ್ಲಿ ಗಿಡದ ಬುಡದಲ್ಲಿ ಕೊಳೆತ ಚಹಾ ಎಲೆಯ ಪುಡಿ ಒಳ್ಳೆ ಹೆಪ್ಪಾಗಿತ್ತು. ಎಲೆ ಕೀಳುವವರ ಓಡಾಟಕ್ಕೇ ಆ ಪುಡಿ ಎದ್ದು ಗಾಳಿಗೆ ಸೇರುತ್ತದೆ ಅನ್ನುವುದು ಅವರ ಊಹೆ.

ಧೂಳು ಹೆಚ್ಚೋ, ಜೀವಿ ಹೆಚ್ಚೋ?

ಲೆಕ್ಕದಲ್ಲಿ ಧೂಳು, ಚುರುಕಿನಲ್ಲಿ ಜೀವಿ. ಮೈನಸ್ 15ಕ್ಕಿಂತ ತಣ್ಣಗಿನ ಮೋಡದಲ್ಲಿ ಖನಿಜ ಧೂಳೇ ಯಜಮಾನ. ಮೈನಸ್ 10ಕ್ಕಿಂತ ಬೆಚ್ಚಗಿದ್ದರೆ ಧೂಳಿನ ಆಟ ಹೆಚ್ಚು ನಡೆಯುವುದಿಲ್ಲ. ಅಲ್ಲಿ ಗಡ್ಡೆ ಕಂಡರೆ ಜೀವಿಯ ಕಡೆಯಿಂದ ಬಂದದ್ದರ ಮೇಲೆ ಅನುಮಾನ ಪಡಬೇಕು. ಎಷ್ಟೋ ಸಲ ಎರಡೂ ಜೊತೆಗೇ ಬರುತ್ತವೆ. ಹೊಲದ ಮಣ್ಣಿನ ಕಣಕ್ಕೆ ಅಂಟಿಕೊಂಡ ಪ್ರೋಟೀನಿನ ತುಣುಕು ಇರುತ್ತದಲ್ಲ, ಅದನ್ನು ಧೂಳು ಅನ್ನಬೇಕೋ ಜೀವಿ ಅನ್ನಬೇಕೋ?

ಇದನ್ನು ಮನೆಯಲ್ಲಿ ನೋಡಬಹುದಾ?

ನೋಡಬಹುದು. ನಾವು ಮಾಡಿದ್ದೇವೆ, ಒಂದು ಸಲ ಕೆಡಿಸಿಕೊಂಡೂ ಇದ್ದೇವೆ.

ಒಂದು ಸ್ಟೀಲ್ ತಟ್ಟೆ ತೆಗೆದುಕೊಂಡು ತೆಳ್ಳಗೆ ವ್ಯಾಸಲೀನ್ ಸವರಿ. ಮೂರು ಬಟ್ಟಲು ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು. ಎರಡನೆಯದರಲ್ಲಿ ಅದೇ ನೀರಿಗೆ ತುಳಸಿ ಕುಂಡದ ಒಂದು ಚಿಟಿಕೆ ಮಣ್ಣು ಕಲಸಿದ್ದು. ಮೂರನೆಯದರಲ್ಲಿ ಅದೇ ಮಣ್ಣಿನ ನೀರನ್ನು ಇಪ್ಪತ್ತು ನಿಮಿಷ ಕುದಿಸಿ ಆರಿಸಿದ್ದು. ಇಂಕ್ ಫಿಲ್ಲರಿನಿಂದ ಒಂದೊಂದರದ್ದೂ ಇಪ್ಪತ್ತು ಹನಿ, ಮೂರು ಸಾಲಾಗಿ ತಟ್ಟೆಯ ಮೇಲೆ ಇಟ್ಟು ಫ್ರೀಜರಿಗೆ ಸೇರಿಸಿ. ಗಟ್ಟಿಯಾದ ಹನಿ ಬೆಳ್ಳಗಾಗಿ ಮಂಕಾಗುತ್ತದೆ. ನೀರಿನ ಹನಿ ಕನ್ನಡಿಯ ಹಾಗೆ ಹೊಳೆಯುತ್ತಲೇ ಇರುತ್ತದೆ. ಟಾರ್ಚ್ ಬಿಟ್ಟರೆ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಮೊದಲ ಸಲ ಮಕ್ಕಳು ನಿಮಿಷಕ್ಕೊಮ್ಮೆ ಬಾಗಿಲು ತೆಗೆದರು. ಫ್ರೀಜರಿನ ಮೇಲ್ಭಾಗದಲ್ಲಿ ಕಟ್ಟಿದ್ದ ಮಂಜಿನ ಪುಡಿ ಉದುರಿ ತಟ್ಟೆಯ ಮೇಲೆ ಬಿತ್ತು. ಮೂರೂ ಸಾಲು ಒಂದೇ ಸಲಕ್ಕೆ ಬೆಳ್ಳಗಾಯಿತು. ಮಕ್ಕಳಿಗೆ ಬೇಜಾರು, ನನಗೆ ಖುಷಿ. ಮಂಜುಗಡ್ಡೆಗಿಂತ ಒಳ್ಳೆಯ ಹೆಪ್ಪು ಜಗತ್ತಿನಲ್ಲೇ ಇಲ್ಲ ಅಂತ ಅದಾಗಿಯೇ ತೋರಿಸಿಕೊಟ್ಟಿತು.

ಎರಡನೇ ಸಲ ಫ್ರೀಜರ್ ಒರೆಸಿ, ತಟ್ಟೆಯ ಮೇಲೆ ಬುಟ್ಟಿಯ ಹಾಗೆ ಒಂದು ಡಬ್ಬಿ ಕವುಚಿ ಇಟ್ಟೆವು. ಈ ಸಲ ಹಸಿ ಮಣ್ಣಿನ ಸಾಲು ಮೊದಲು ಬೆಳ್ಳಗಾಯಿತು. ಕುದಿಸಿದ ಸಾಲು ಆಮೇಲೆ, ಒಂದೊಂದೇ. ಡಿಸ್ಟಿಲ್ಡ್ ನೀರಿನ ಸಾಲು ತುಂಬಾ ಹೊತ್ತು ಹೊಳೆಯುತ್ತಲೇ ಇತ್ತು.

ಕುದಿಸಿದ್ದು ಯಾಕೆ ತಡ ಮಾಡಿತು ಅಂತ ಕೇಳಿದೆ. ಎಂಟು ವರ್ಷದ ಹುಡುಗಿಯೊಬ್ಬಳು ಹೇಳಿದಳು: ‘ಬಿಸಿ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗಲ್ಲ ಅಂತ ಅಜ್ಜಿ ಬೈತಾರೆ.’ ಅಷ್ಟೇ ವಿಷಯ. ಕುದಿಸಿದಾಗ ಪ್ರೋಟೀನ್ ಕೆಡುತ್ತದೆ, ಖನಿಜ ಕೆಡುವುದಿಲ್ಲ. ಪ್ರಯೋಗಾಲಯಗಳಲ್ಲೂ ಮಳೆನೀರನ್ನೋ ಗಾಳಿಯ ಕಣಗಳನ್ನೋ ಹೀಗೇ ಬಿಸಿ ಮಾಡಿ, ಎಷ್ಟು ಹೆಪ್ಪು ಜೀವಿಯದ್ದು ಎಷ್ಟು ಕಲ್ಲಿನದ್ದು ಅಂತ ಬೇರ್ಪಡಿಸುತ್ತಾರೆ. ಅವರ ತಟ್ಟೆ ಸ್ವಲ್ಪ ದುಬಾರಿ, ಅಷ್ಟೇ.

ಇಂಥ ಕಣಗಳು ಮೋಡದಲ್ಲಿ ಎಷ್ಟಿರುತ್ತವೆ?

ತೀರಾ ಕಡಿಮೆ. ಮೈನಸ್ 20 ಡಿಗ್ರಿಯ ಹತ್ತಿರ ಒಂದು ಲೀಟರ್ ಗಾಳಿಗೆ ಸುಮಾರು ಒಂದು ಅಂತ ಲೆಕ್ಕ, ಜಾಗ ಕಾಲ ನೋಡಿ ಹೆಚ್ಚು ಕಡಿಮೆ ಆಗುತ್ತದೆ. ಅದೇ ಒಂದು ಲೀಟರ್ ಊರಿನ ಗಾಳಿಯಲ್ಲಿ ಒಟ್ಟು ಕಣಗಳು ಲಕ್ಷಗಟ್ಟಲೆ. ಹತ್ತು ಲಕ್ಷದಲ್ಲಿ ಒಂದು ಕಣಕ್ಕೆ ಈ ಯೋಗ.

ಅಷ್ಟು ಕಡಿಮೆ ಇದ್ದು ಮಳೆ ಹೇಗೆ ಬರಿಸುತ್ತವೆ?

ಎರಡು ಕಾರಣ. ಮೊದಲನೆಯದು, ಮಂಜಿನ ಹರಳು ನೀರಾವಿಯನ್ನು ಹನಿಗಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮೈನಸ್ 15ರಲ್ಲಿ ಹನಿಗೆ ‘ಸಾಕು, ಸಮ ಇದೆ’ ಅನ್ನಿಸುವಷ್ಟು ಆವಿ ಗಾಳಿಯಲ್ಲಿದ್ದರೆ, ಹರಳಿನ ಲೆಕ್ಕಕ್ಕೆ ಅದು ಸುಮಾರು ಶೇಕಡಾ 15ರಷ್ಟು ಜಾಸ್ತಿ. ಹರಳು ಆ ಹೆಚ್ಚುವರಿಯನ್ನು ಎಳೆದುಕೊಳ್ಳುತ್ತದೆ. ಗಾಳಿ ಒಣಗುತ್ತದೆ. ಸುತ್ತಲಿನ ಹನಿಗಳು ಆರಿ ಆವಿ ಕೊಡುತ್ತವೆ. ಹರಳು ಅದನ್ನೂ ತಿನ್ನುತ್ತದೆ. ಸಾವಿರಾರು ಹನಿಗಳನ್ನು ನುಂಗಿ ಒಂದು ಹರಳು ದಪ್ಪಗಾಗಿ ಕೆಳಗೆ ಹೊರಡುತ್ತದೆ. ಸೊನ್ನೆಯ ಗೆರೆ ದಾಟಿದಾಗ ಕರಗಿ ಮಳೆಹನಿ. ಭೂಖಂಡಗಳು ಸರಿಯುತ್ತವೆ ಅಂತ ಹೇಳಿ ನಗೆಪಾಟಲಾದ ಆಲ್ಫ್ರೆಡ್ ವೆಗನರ್ 1911ರಲ್ಲೇ ಇದರ ಸುಳಿವು ಕೊಟ್ಟಿದ್ದರು. 1930ರ ದಶಕದಲ್ಲಿ ಬರ್ಗೆರಾನ್ ಮತ್ತು ಫಿಂಡೈಸೆನ್ ಎಂಬ ಹವಾಮಾನ ವಿಜ್ಞಾನಿಗಳು ಅದನ್ನು ಪೂರ್ತಿ ಮಾಡಿದರು.

ಎರಡನೆಯದು ಫ್ರೀಜರಿನ ಮಂಜಿನ ಪುಡಿ ನಮಗೆ ತೋರಿಸಿದ್ದೇ. ಮೈನಸ್ 3ರಿಂದ ಮೈನಸ್ 8ರ ನಡುವೆ, ಬೀಳುತ್ತಿರುವ ಗಡ್ಡೆಗೆ ತಣ್ಣಗಿನ ಹನಿಗಳು ಅಂಟಿ ಗಟ್ಟಿಯಾಗುವಾಗ ಸಣ್ಣ ಸಣ್ಣ ಚೂರು ಸಿಡಿಯುತ್ತವೆ. ಪ್ರತಿ ಚೂರೂ ಹೊಸ ಹೆಪ್ಪು. 1974ರಲ್ಲಿ ಹ್ಯಾಲೆಟ್ ಮತ್ತು ಮಾಸಪ್ ಇದನ್ನು ಪ್ರಯೋಗದಲ್ಲಿ ತೋರಿಸಿದರು. ಹೀಗಾಗಿ ಶುರು ಮಾಡಲು ನಾಲ್ಕು ಕಣ ಸಾಕು, ಆಮೇಲೆ ಗಡ್ಡೆಯೇ ಗಡ್ಡೆಯನ್ನು ಹುಟ್ಟಿಸುತ್ತದೆ.

ಆಲಿಕಲ್ಲು ಒಡೆದರೆ ನಡುವೆ ಕಪ್ಪು ಚುಕ್ಕೆ ಕಾಣುತ್ತದೆ. ಅದೇನಾ ಆ ಧೂಳು?

ಅಲ್ಲ. ಹೆಪ್ಪಾದ ಕಣ ಬರಿಗಣ್ಣಿಗೆ ಕಾಣುವಂಥದ್ದಲ್ಲ. ನಿಮಗೆ ಕಂಡದ್ದು ಹೆಚ್ಚಾಗಿ ಅಂಗಳದ ಕಸ.

ಆದರೂ ಒಡೆದು ನೋಡಿ, ನೋಡುವಂಥದ್ದು ಬೇರೆ ಇದೆ. ನಿಂಬೆಕಾಯಿಗಿಂತ ಸಣ್ಣದೊಂದನ್ನು ತರಕಾರಿ ಮಣೆಯ ಮೇಲಿಟ್ಟು ಬ್ರೆಡ್ ಚಾಕುವಿನಿಂದ ಕೊಯ್ದಿದ್ದೆ. ಈರುಳ್ಳಿಯ ಹಾಗೆ ಸುತ್ತು ಸುತ್ತು. ಒಂದು ಸುತ್ತು ಹಾಲಿನ ಹಾಗೆ ಬಿಳಿ, ಒಂದು ಗಾಜಿನ ಹಾಗೆ ತಿಳಿ. ಹನಿ ತಾಗಿದ ಕೂಡಲೇ ಗಟ್ಟಿಯಾದರೆ ಗಾಳಿಗುಳ್ಳೆ ಒಳಗೇ ಸಿಕ್ಕಿಹಾಕಿಕೊಂಡು ಬಿಳಿ ಕಾಣುತ್ತದೆ. ನೀರು ಮೈಮೇಲೆ ಹರಡಿ ನಿಧಾನಕ್ಕೆ ಗಟ್ಟಿಯಾದರೆ ಗಾಳಿ ತಪ್ಪಿಸಿಕೊಂಡು ತಿಳಿಯಾಗುತ್ತದೆ. ನಟ್ಟನಡುವೆ ಸಾಬುದಾಣಿಯಂಥ ಒಂದು ಬಿಳಿ ಕಾಳು ಇತ್ತು. ಕಲ್ಲು ಬೆಳೆಯಲು ಶುರುವಾದದ್ದು ಅಲ್ಲಿಂದ. ಅಮೆರಿಕದ ಮೊಂಟಾನಾದಲ್ಲಿ ಬಿದ್ದ ಆಲಿಕಲ್ಲುಗಳ ಈ ನಡುಭಾಗವನ್ನೇ ಕರಗಿಸಿ ನೋಡಿದಾಗ ಬ್ಯಾಕ್ಟೀರಿಯಾ ಸಿಕ್ಕಿದ್ದವು.

2014ರ ಫೆಬ್ರವರಿ, ಮಾರ್ಚಿನಲ್ಲಿ ಮಹಾರಾಷ್ಟ್ರದಲ್ಲಿ ಆಲಿಕಲ್ಲು ಬಿದ್ದು ದ್ರಾಕ್ಷಿ, ದಾಳಿಂಬೆ, ಗೋಧಿ ಎಲ್ಲ ಹೋಯಿತು. ಅದನ್ನು ನೋಡಿದವರಿಗೆ ಆಲಿಕಲ್ಲು ಆಟದ ವಸ್ತು ಅಲ್ಲ.

ಮುಂಬೈಯ ಜುಲೈ ಮಳೆಯೂ ಹೀಗೇ ಬರುತ್ತದಾ?

ಡೊಂಬಿವಲಿಯ ಚಿಕ್ಕಪ್ಪನ ಪ್ರಶ್ನೆ ಇದು. ಬಹುಪಾಲು ಹಾಗಲ್ಲ. ಮುಂಗಾರು ಚೆನ್ನಾಗಿ ಹಿಡಿದ ಮೇಲೆ ಕೊಂಕಣದ ಕರಾವಳಿ, ಸಹ್ಯಾದ್ರಿಯ ಮೇಲೆ ಸುರಿಯುವ ಎಷ್ಟೋ ಮೋಡಗಳು ಗಿಡ್ಡ. ಸೊನ್ನೆಯ ಗೆರೆ ಮುಟ್ಟುವ ಮೊದಲೇ ಹನಿಗೆ ಹನಿ ಡಿಕ್ಕಿ ಹೊಡೆದು ದೊಡ್ಡದಾಗಿ ಬಿದ್ದುಬಿಡುತ್ತವೆ. ಮಂಜುಗಡ್ಡೆಯ ಹಂಗೇ ಇಲ್ಲ. ಎಲ್ಲ ಮಳೆಯೂ ಗಡ್ಡೆಯಿಂದಲೇ ಹುಟ್ಟುತ್ತದೆ ಅಂತ ಹೇಳುವುದು ತಣ್ಣಗಿನ ದೇಶದ ಪುಸ್ತಕ ಓದಿದವರ ತಪ್ಪು.

ಗುರುತು ಹಿಡಿಯುವುದು ಸುಲಭ: ಕಿವಿಗೊಡಿ. ಮೋಡದಲ್ಲಿ ಗಡ್ಡೆ ಗಡ್ಡೆಗೆ ಉಜ್ಜಿದಾಗ ವಿದ್ಯುತ್ತು ಬೇರೆಯಾಗಿ ಮಿಂಚು ಹುಟ್ಟುತ್ತದೆ. ಹರಳೂ ಬೇಕು, ತೂಕದ ಗಡ್ಡೆಯೂ ಬೇಕು, ಗಟ್ಟಿಯಾಗದ ತಣ್ಣನೆ ಹನಿಯೂ ಬೇಕು. ಅದಕ್ಕೇ ರೋಹಿಣಿ, ಮೃಗಶಿರ ಮಳೆ ಗುಡುಗಿಕೊಂಡು ಬರುತ್ತದೆ. ಜುಲೈನಲ್ಲಿ ಮೂರು ದಿನ ಬಿಡದೆ ಸುರಿದರೂ ಗುಡುಗು ಅಪರೂಪ. ಹಸ್ತ, ಚಿತ್ತಾ ಹೊತ್ತಿಗೆ ಮತ್ತೆ ಗುಡುಗು. ಮೋಡ ಎತ್ತರಕ್ಕೆ ಹೋಯಿತೋ ಇಲ್ಲವೋ ಅಂತ ಅದೇ ಹೇಳುತ್ತದೆ. ಅಪವಾದವೂ ಉಂಟು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಸುರಿದು, ಕೊಲಾಬಾದಲ್ಲಿ ಬರೀ 73 ಬಿದ್ದ ಆ ದಿನದ್ದು ಎತ್ತರದ ಗುಡುಗಿನ ಮೋಡ.

ಅರಬ್ ಕಡೆಯ ಮರಳು ಮುಂಬೈಗೆ ಬರುತ್ತದಂತೆ?

ಬರುತ್ತದೆ. 2022ರ ಜನವರಿಯಲ್ಲಿ ಮುಂಬೈ, ಪುಣೆ ಎರಡೂ ಕಡೆ ಕಾರಿನ ಮೇಲೆ ಬಿಳಿ ಪುಡಿ ಕೂತಿತ್ತು, ನೆನಪಿದೆಯಾ? ಪಾಕಿಸ್ತಾನದ ಕಡೆ ಎದ್ದ ಧೂಳು ಅರಬ್ಬಿ ಸಮುದ್ರ ದಾಟಿ ಬಂದದ್ದು. 2024ರ ಮೇ 13ರ ಸಂಜೆ ಮುಂಬೈಯನ್ನು ಕತ್ತಲು ಮಾಡಿದ ಧೂಳು ಬೇರೆ ಬಗೆಯದ್ದು, ಗುಡುಗಿನ ಮೋಡದಿಂದ ಕೆಳಗೆ ನುಗ್ಗಿದ ತಣ್ಣನೆ ಗಾಳಿ ಇಲ್ಲಿಯ ನೆಲದ ಧೂಳನ್ನೇ ಎಬ್ಬಿಸಿತ್ತು. ದೂರ ಪ್ರಯಾಣ ಮಾಡುವ ನುಣ್ಣನೆ ಮರುಭೂಮಿ ಧೂಳು ಮೇಲ್ಮೇಲೆ ಇರುವುದರಿಂದ ತಣ್ಣನೆಯ ಮೋಡಗಳಿಗೆ ಅದು ಹತ್ತಿರ.

ಗೋವಾದಲ್ಲಿ ಉಪ್ಪಿನ ಗಾಳಿ. ಉಪ್ಪು ಹೆಪ್ಪಾಗುವುದಿಲ್ಲವಾ?

ಉಪ್ಪು ಮೋಡ ಕಟ್ಟುತ್ತದೆ, ಗಡ್ಡೆ ಕಟ್ಟುವುದಿಲ್ಲ. ನೀರಾವಿಯನ್ನು ಎಳೆದು ಹನಿ ಮಾಡುವುದರಲ್ಲಿ ಉಪ್ಪು ಗಟ್ಟಿಗ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಬೆವರುವುದು ನೋಡಿಲ್ಲವಾ? ಆದರೆ ಗಡ್ಡೆಯಾಗುವುದನ್ನು ಅದು ತಡೆಯುತ್ತದೆ. ಐಸ್‌ಕ್ರೀಮ್ ಡ್ರಮ್ಮಿನ ಸುತ್ತ ಐಸಿಗೆ ಉಪ್ಪು ಹಾಕುವುದು ಅದಕ್ಕೇ.

ಸಮುದ್ರದಿಂದ ಬೇರೊಂದು ಹೆಪ್ಪು ಬರುತ್ತದೆ. ನೀರಿನ ಮೇಲ್ಪದರದಲ್ಲಿ ಸೂಕ್ಷ್ಮ ಸಸ್ಯಗಳು ಬಿಟ್ಟ ಅಂಟು ವಸ್ತು ಇರುತ್ತದೆ. ಅಲೆ ಒಡೆದು ಗುಳ್ಳೆ ಸಿಡಿದಾಗ ಅದೂ ಹಾರುತ್ತದೆ. ಅಂಟಾರ್ಕ್ಟಿಕಾದ ಸುತ್ತಲಿನ ಸಮುದ್ರದ ಮೇಲೆ ಧೂಳು ತೀರಾ ಕಡಿಮೆ, ಹೀಗಾಗಿ ಅಲ್ಲಿ ಇದಕ್ಕೆ ಬೆಲೆ ಜಾಸ್ತಿ. ಹೆಪ್ಪು ಸಾಲದೆ ಅಲ್ಲಿನ ಮೋಡಗಳು ಮೈನಸ್ 20ರಲ್ಲೂ ನೀರಾಗಿಯೇ ಉಳಿಯುತ್ತವೆ. ನೀರಿನ ಮೋಡ ಬಿಸಿಲನ್ನು ಹೆಚ್ಚು ವಾಪಸ್ ಕಳಿಸುತ್ತದೆ. ಹವಾಮಾನದ ಕಂಪ್ಯೂಟರ್ ಲೆಕ್ಕಗಳು ಇಲ್ಲೇ ಎಡವುತ್ತಿದ್ದವು. ಭಾರತದ ಅಂಟಾರ್ಕ್ಟಿಕಾ ಯಾತ್ರೆಗಳನ್ನು ನಡೆಸುವ ಧ್ರುವ ಸಂಶೋಧನಾ ಕೇಂದ್ರ ವಾಸ್ಕೋದಲ್ಲೇ ಇದೆ ಅಂತ ಭಾವನಿಗೆ ನೆನಪಿಸಿದೆ. ದಿನಾ ಅದೇ ದಾರಿಯಲ್ಲಿ ಹೋಗುತ್ತಾರಂತೆ.

ಗಾಡಿಗಳ ಹೊಗೆ?

ಮಸಿ ಒಳ್ಳೆಯ ಹೆಪ್ಪಲ್ಲ. ಹೊಗೆಯ ಪ್ರಭಾವ ಬೇರೆ ಕಡೆ: ಹನಿಗಳ ಸಂಖ್ಯೆ ಜಾಸ್ತಿ ಮಾಡಿ, ಗಾತ್ರ ಸಣ್ಣ ಮಾಡುತ್ತದೆ.

ಮೋಡ ಬಿತ್ತನೆ ಅಂದರೆ ಇದೇ ತಾನೇ? ಅದು ಕೆಲಸ ಮಾಡುತ್ತದಾ?

ಒಂದು ಬಗೆ ಇದೇ, ತಣ್ಣನೆ ಮೋಡಕ್ಕೆ ನಾವೇ ಹೆಪ್ಪಿನ ಕಣ ಬಿಡುವುದು. 1946ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ವಿನ್ಸೆಂಟ್ ಶೇಫರ್ ಒಂದು ಫ್ರೀಜರ್ ಪೆಟ್ಟಿಗೆಯೊಳಗೆ ಮೋಡ ಮಾಡಿ ಆಡುತ್ತಿದ್ದರು. ಪೆಟ್ಟಿಗೆ ಸಾಕಷ್ಟು ತಣ್ಣಗಾಗಲಿಲ್ಲ ಅಂತ ಡ್ರೈ ಐಸ್, ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, ಹಾಕಿದರು. ಕ್ಷಣದಲ್ಲಿ ಒಳಗೆಲ್ಲ ಮಿನುಗುವ ಹರಳು. ಅದೇ ವರ್ಷ ಅವರ ಸಹೋದ್ಯೋಗಿ ಬರ್ನಾರ್ಡ್ ವಾನಗಟ್, ಹರಳಿನ ಜೋಡಣೆ ಮಂಜುಗಡ್ಡೆಗೆ ಹತ್ತಿರ ಇರುವ ವಸ್ತು ಯಾವುದು ಅಂತ ಪಟ್ಟಿ ನೋಡಿ ಸಿಲ್ವರ್ ಅಯೋಡೈಡ್ ಹುಡುಕಿದರು. ರಂಗೋಲಿಯ ಚುಕ್ಕಿ ಹೊಂದಬೇಕು ಅಂದೆನಲ್ಲ, ಅದೇ ಲೆಕ್ಕ.

ಇನ್ನೊಂದು ಬಗೆಯಲ್ಲಿ ಗಡ್ಡೆಯ ಮಾತೇ ಇಲ್ಲ. ಬೆಚ್ಚಗಿನ ಮೋಡಕ್ಕೆ ಉಪ್ಪಿನಂಥ ಕಣ ಬಿಟ್ಟು ಹನಿ ದೊಡ್ಡದು ಮಾಡುವುದು. ಪುಣೆಯ ಪಾಷಾಣ್ ಬಡಾವಣೆಯಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ 2009ರಿಂದ ವಿಮಾನದಲ್ಲಿ ಮೋಡಗಳನ್ನು ಅಳೆಯುತ್ತಿದೆ. ಮಹಾಬಳೇಶ್ವರದಲ್ಲಿ ಅವರದೇ ಮೋಡದ ಪ್ರಯೋಗಾಲಯವೂ ಇದೆ. ಮಳೆಗಾಲದಲ್ಲಿ ಮೋಡವೇ ಕಿಟಕಿಯೊಳಗೆ ಬರುವ ಊರು ಅದು. 2018, 2019ರ ಮುಂಗಾರಿನಲ್ಲಿ ಸೊಲ್ಲಾಪುರದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಬಳಸಿ ಅವರು ಮಾಡಿದ ಪ್ರಯೋಗದಲ್ಲಿ ಮಳೆ ಸರಾಸರಿ ಶೇಕಡಾ 18ರಷ್ಟು ಜಾಸ್ತಿ ಕಂಡಿತು. ಅದು ಬಿತ್ತಲು ಯೋಗ್ಯವಾದ ಮೋಡ ಇದ್ದ ದಿನಗಳ ಮಾತು. ಬರಗಾಲದ ಖಾಲಿ ಆಕಾಶಕ್ಕೆ ಏನು ಹಾಕಿದರೂ ಮಳೆ ಬರುವುದಿಲ್ಲ. ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿ ಏನು ಪ್ರಯೋಜನ? ಕರ್ನಾಟಕದಲ್ಲಿ 2003ರ ವರುಣ, 2017ರ ವರ್ಷಧಾರಿ ಯೋಜನೆಗಳ ಸಮಯದಲ್ಲೂ ನಡೆದ ವಾದ ಇದರ ಸುತ್ತಲೇ. ನನ್ನ ಮಟ್ಟಿಗೆ, ಚುನಾವಣೆ ಭಾಷಣದಲ್ಲಿ ಮೋಡ ಬಿತ್ತನೆ ಬಂದರೆ ನಾನು ಚಾನೆಲ್ ಬದಲಿಸುತ್ತೇನೆ.

ಮರ ನೆಟ್ಟರೆ ಬ್ಯಾಕ್ಟೀರಿಯಾ ಜಾಸ್ತಿಯಾಗಿ ಮಳೆ ಬರುತ್ತದಾ?

ಸುಂದರವಾದ ವಿಚಾರ. 1980ರ ದಶಕದ ಆರಂಭದಲ್ಲಿ ಮೊಂಟಾನಾದ ಡೇವಿಡ್ ಸ್ಯಾಂಡ್ಸ್ ಇದನ್ನು ಮುಂದಿಟ್ಟರು. ಎಲೆಯಿಂದ ಬ್ಯಾಕ್ಟೀರಿಯಾ ಮೋಡಕ್ಕೆ, ಮೋಡದಿಂದ ಮಳೆ, ಮಳೆಯಿಂದ ಮತ್ತೆ ಎಲೆಗೆ. ಮಳೆ ಬಿದ್ದಾಗ ಕಾಡಿನ ಗಾಳಿಯಲ್ಲಿ ಇಂಥ ಜೈವಿಕ ಕಣಗಳು ಹೆಚ್ಚುವುದು ಅಳತೆಯಲ್ಲಿ ಕಂಡಿದೆ. ಆದರೆ ಜಗತ್ತಿನ ಒಟ್ಟು ಲೆಕ್ಕ ಹಾಕಿದರೆ ಬ್ಯಾಕ್ಟೀರಿಯಾದ ಪಾಲು ಚಿಕ್ಕದು. ಮರ ನೆಡಿ, ನೆಡುವುದಕ್ಕೆ ಬೇರೆ ನೂರು ಕಾರಣ ಇವೆ.

ಇಷ್ಟೆಲ್ಲ ಕೇಳಿದ ಮೇಲೆ ಆಲಿಕಲ್ಲು ತಿನ್ನಬಹುದಾ?

ಅಮ್ಮಂದಿರ ಪ್ರಶ್ನೆ. ಸುಡೋಮೊನಾಸ್ ಸಿರಿಂಜೆ ಗಿಡಕ್ಕೆ ರೋಗ ತರುವಂಥದ್ದು, ಅದರ ಹೆದರಿಕೆ ಬೇಡ. ಅದಕ್ಕಿಂತ ನಿಮ್ಮ ಪಾರ್ಕಿಂಗಿನ ನೆಲದ ಬಗ್ಗೆ ಯೋಚಿಸಿ. ನಾವು ಚಿಕ್ಕವರಿದ್ದಾಗ ಧಾರವಾಡದ ಅಂಗಳದಲ್ಲಿ ಕೊಡೆ ತಲೆಕೆಳಗೆ ಹಿಡಿದು ಅದರಲ್ಲಿ ಬಿದ್ದದ್ದನ್ನು ಮಾತ್ರ ತಿನ್ನುತ್ತಿದ್ದೆವು. ಕೊಡೆಗೆ ಎರಡು ತೂತು ಬಿದ್ದು ಅಪ್ಪನ ಕೈಯಲ್ಲಿ ಬೈಸಿಕೊಂಡದ್ದೂ ಆಯಿತು.